ಒಂದೇ ಗಾಡಿ ನೆಚ್ಚಿಕೊಳ್ಳದೆ ಬಳ್ಳಾರಿಯಲ್ಲಿ ಓಡಾಡುವುದು ಹೇಗೆ?

"ತೋರಣಗಲ್ಲಿಗೆ ದಿನಾ ಬೈಕಲ್ಲಿ ಹೋಗಿ ಸೊಂಟ ಹಿಡಿದಿದೆ, ಬೇರೆ ದಾರಿ ಏನಾದರೂ ಇದೆಯಾ?" "ಕೊಪ್ಪಳದಿಂದ ಅಮ್ಮನನ್ನು ವಿಮ್ಸ್ ಆಸ್ಪತ್ರೆಗೆ ಕರೆತರಬೇಕು, ರೈಲಾ ಬಸ್ಸಾ?" "ಬಳ್ಳಾರಿಯಿಂದ ರಾಯಚೂರಿಗೆ ರೈಲಲ್ಲಿ ಹೋಗಬಹುದಾ?" ಊರು ಬೇರೆ, ಕೆಲಸ ಬೇರೆ, ಆದರೆ ಓದುಗರು ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ: ಬಸ್ಸು, ರೈಲು, ಆಟೊ, ಸ್ವಂತ ಗಾಡಿ ಇವನ್ನೆಲ್ಲ ಸೇರಿಸಿ ತಲೆನೋವಿಲ್ಲದೆ ಹೋಗಿಬರುವುದು ಹೇಗೆ?

ಬಹಳ ಜನ ಮೊದಲು ಗಾಡಿ ಆರಿಸುತ್ತಾರೆ, ಆಮೇಲೆ ಉಳಿದದ್ದನ್ನು ಹೇಗೋ ಹೊಂದಿಸುತ್ತಾರೆ. ಇಲ್ಲೇ ಕೆಡುವುದು. ಬಸ್ಸಿನಲ್ಲಿ, ರೈಲಿನಲ್ಲಿ ಕೂತ ಮೇಲೆ ತೊಂದರೆ ಕಡಿಮೆ. ಒಂದನ್ನು ಇಳಿದು ಇನ್ನೊಂದನ್ನು ಹತ್ತುವ ಆ ಹದಿನೈದು ಇಪ್ಪತ್ತು ನಿಮಿಷದಲ್ಲೇ ದುಡ್ಡು, ಸಮಯ, ಸಹನೆ ಎಲ್ಲ ಹೋಗುತ್ತದೆ. ಆ ಜಾಗವನ್ನು ಇಲ್ಲಿ "ಕೊಂಡಿ" ಅಂತ ಕರೆಯುತ್ತೇನೆ. ಕೊಂಡಿ ಸರಿ ಮಾಡಿಕೊಂಡರೆ ಉಳಿದದ್ದು ಸುಲಭ.

ಮೊದಲು ಇಷ್ಟು ಕೈಯಲ್ಲಿರಲಿ

ಆಧಾರ್ ಅಥವಾ ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿ. ಹತ್ತು, ಇಪ್ಪತ್ತರ ನೋಟು, ಒಂದಿಷ್ಟು ಚಿಲ್ಲರೆ. ಫೋನ್‌ಪೇ ಇದೆ ಅಂತ ಬರಿಗೈಯಲ್ಲಿ ಹೊರಟರೆ ನೆಟ್‌ವರ್ಕ್ ಇಲ್ಲದ ಕಡೆ ಕಂಡಕ್ಟರ್ ಎದುರು ಕಣ್ಣುಕಣ್ಣು ಬಿಡಬೇಕಾಗುತ್ತದೆ. ಫೋನಿನಲ್ಲಿ ಎರಡು ಆ್ಯಪ್ ಸಾಕು. ಟಿಕೆಟ್‌ಗೆ ರೈಲ್ವೆಯದೇ ಆದ ರೈಲ್‌ಒನ್. ಗಾಡಿ ಈಗ ಎಲ್ಲಿದೆ ಅಂತ ನೋಡಲು ವೇರ್ ಈಸ್ ಮೈ ಟ್ರೇನ್. ಎರಡನೆಯದು ಮೊಬೈಲ್ ಟವರ್ ನೋಡಿ ಜಾಗ ಹೇಳುತ್ತದೆ, ಹಾಗಾಗಿ ನೀವು ರೈಲಿನೊಳಗೆ ಇದ್ದಾಗ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಸಾದಾ ಫೋನ್ ಇದ್ದರೆ 139ಕ್ಕೆ ಕರೆ ಮಾಡಿ.

ಆ್ಯಪ್‌ನಲ್ಲಿ ಊರಿನ ಹೆಸರು ಸಿಗದೆ ಒದ್ದಾಡಬೇಡಿ, ನಿಲ್ದಾಣದ ಸಂಕೇತಾಕ್ಷರ ಹಾಕಿ. ಬಳ್ಳಾರಿಗೆ ಬಿಎವೈ, ಹೊಸಪೇಟೆಗೆ ಎಚ್‌ಪಿಟಿ, ಕೊಪ್ಪಳಕ್ಕೆ ಕೆಬಿಎಲ್, ರಾಯಚೂರಿಗೆ ಆರ್‌ಸಿ.

ಹಂತ 1: ದಾರಿಯನ್ನು ತುಂಡು ಮಾಡಿ ಬರೆಯಿರಿ

ಒಂದು ಚೀಟಿ ತೆಗೆದುಕೊಳ್ಳಿ. ಮನೆ ಬಾಗಿಲಿನಿಂದ ತಲುಪಬೇಕಾದ ಬಾಗಿಲಿನವರೆಗೆ ಬರೆಯಿರಿ. "ಬಳ್ಳಾರಿಯಿಂದ ಹೊಸಪೇಟೆ" ಅಂತ ಬರೆದರೆ ಉಪಯೋಗವಿಲ್ಲ. "ಗಾಂಧಿನಗರದ ಮನೆ, ರೈಲು ನಿಲ್ದಾಣ, ಹೊಸಪೇಟೆ ನಿಲ್ದಾಣ, ಆಫೀಸು" ಅಂತ ಬರೆಯಿರಿ. ಪ್ರತಿ ತುಂಡಿನ ಎದುರು ಎಷ್ಟು ಹೊತ್ತಿಗೊಂದು ಗಾಡಿ ಸಿಗುತ್ತದೆ ಅಂತ ಹಾಕಿ. ಎಷ್ಟು ಕಿಲೋಮೀಟರ್ ಅನ್ನುವುದು ಆಮೇಲಿನ ಮಾತು.

ಹಂತ 2: ಅಪರೂಪದ ಗಾಡಿ ಯಾವುದು ಅಂತ ಗುರುತು ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯ. ಹತ್ತು ನಿಮಿಷಕ್ಕೊಂದು ಬರುವ ಶೇರ್ ಆಟೊಗೆ ನೀವು ಸರಾಸರಿ ಐದು ನಿಮಿಷ ಕಾಯುತ್ತೀರಿ. ಒಂದು ಹೋದರೆ ಇನ್ನೊಂದು. ಆದರೆ ನಿಮಗೆ ಬೇಕಾದ ಹೊತ್ತಿಗೆ ರೈಲು ಒಂದೇ ಇದ್ದರೆ, ಅದು ತಪ್ಪಿದರೆ ದಿನವೇ ಹೋಯಿತು ಅಲ್ವಾ? ಹಾಗಾಗಿ ನಿಮ್ಮ ಇಡೀ ಪ್ರಯಾಣದ ಯಜಮಾನ ಆ ಅಪರೂಪದ ಗಾಡಿ. ಅದರ ಸಮಯವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಉಳಿದವನ್ನು ಅದಕ್ಕೆ ಹೊಂದಿಸಿ.

ಎಚ್ಚರಿಕೆ: ಒಂದೇ ಪ್ರಯಾಣದಲ್ಲಿ ಎರಡು ಅಪರೂಪದ ಗಾಡಿಗಳನ್ನು ಜೋಡಿಸಬೇಡಿ. ದಿನಕ್ಕೆ ಒಂದೆರಡೇ ಇರುವ ಹಳ್ಳಿ ಬಸ್ಸು ಇಳಿದು ಪ್ಯಾಸೆಂಜರ್ ರೈಲು ಹತ್ತುವ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಿಜದಲ್ಲಿ ಎರಡರಲ್ಲಿ ಒಂದು ತಡವಾಗುತ್ತದೆ.

ಹಂತ 3: ಕೊಂಡಿ ಆರಿಸಿ

ನಮ್ಮ ಕಡೆ ಬಸ್ ನಿಲ್ದಾಣ ಒಂದು ಕಡೆ, ರೈಲು ನಿಲ್ದಾಣ ಇನ್ನೊಂದು ಕಡೆ. ಎರಡನ್ನೂ ಸೇರಿಸಿ ಕಟ್ಟಿದ ಊರು ಇಲ್ಲಿ ಯಾವುದೂ ಇಲ್ಲ. ಹಾಗಾಗಿ ಕೊಂಡಿಯನ್ನು ನೀವೇ ಹುಡುಕಿಕೊಳ್ಳಬೇಕು. ಒಳ್ಳೆಯ ಕೊಂಡಿಯಲ್ಲಿ ನೆರಳು, ಕುಡಿಯುವ ನೀರು, ಶೌಚಾಲಯ, ಗಾಡಿ ತಪ್ಪಿದರೆ ಇನ್ನೊಂದು ದಾರಿ ಇವಿಷ್ಟು ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ನೆರಳು ಶೋಕಿ ಅಲ್ಲ.

ಬಳ್ಳಾರಿಯಲ್ಲಿ ರೈಲು ನಿಲ್ದಾಣದಿಂದ ಹೊರಗೆ ಬಂದರೆ ರಾಯಲ್ ಸರ್ಕಲ್ ಹತ್ತಿರ. ಈಗಿನ ಹೆಸರು ಗಡಗಿ ಚನ್ನಪ್ಪ ವೃತ್ತ, ಆದರೆ ಆಟೊದವರಿಗೆ ರಾಯಲ್ ಅಂದರೇ ಸಾಕು. ಊರಿನ ಬಹುತೇಕ ಕಡೆಗೆ ಇಲ್ಲಿಂದ ಆಟೊ ಸಿಗುತ್ತದೆ. ನಿಲ್ದಾಣದ ಬಾಗಿಲಲ್ಲೇ ಆಟೊ ಹಿಡಿಯುವ ಬದಲು ಸರ್ಕಲ್‌ವರೆಗೆ ನಡೆದು ಬಂದರೆ ಶೇರ್ ಆಟೊ ಸಿಗುವ ಸಾಧ್ಯತೆ ಜಾಸ್ತಿ, ಖರ್ಚು ಕಡಿಮೆ. ಲಗೇಜು ಇದ್ದರೆ, ವಯಸ್ಸಾದವರು ಜೊತೆಗಿದ್ದರೆ ಈ ಉಳಿತಾಯಕ್ಕೆ ಹೋಗಬೇಡಿ.

ಬಳ್ಳಾರಿಯಲ್ಲಿ ಜನ ಎಡವುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು, ಬಸ್ ನಿಲ್ದಾಣ ಎರಡಿವೆ, ಹಳೆಯದು ಮತ್ತು ಹೊಸದು. ಆಟೊದವರಿಗೆ ಸುಮ್ನೆ "ಬಸ್‌ಸ್ಟ್ಯಾಂಡ್" ಅನ್ನಬೇಡಿ. ನಿಮ್ಮ ಬಸ್ಸು ಎಲ್ಲಿಂದ ಹೊರಡುತ್ತದೆ ಅಂತ ಹಿಂದಿನ ದಿನವೇ ವಿಚಾರಿಸಿ, ಹೆಸರು ಹಿಡಿದು ಹೇಳಿ.

ಎರಡನೆಯದು, ರೈಲು ನಿಲ್ದಾಣವೂ ಎರಡು. ಜಂಕ್ಷನ್ ಒಂದು, ಕಂಟೋನ್ಮೆಂಟ್ ಒಂದು. ಕಂಟೋನ್ಮೆಂಟ್ ಕಡೆ ಮನೆ ಇರುವವರಿಗೆ ಎರಡನೆಯದು ಹತ್ತಿರ, ಆದರೆ ಅಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ. ನಿಮ್ಮ ಗಾಡಿ ನಿಲ್ಲುತ್ತದಾ ಅಂತ ಆ್ಯಪ್‌ನಲ್ಲಿ ನಿಲುಗಡೆಗಳ ಪಟ್ಟಿ ನೋಡಿಯೇ ಹೊರಡಿ.

ಮೂರನೆಯದು ಹಳಿ. ರೈಲು ಮಾರ್ಗ ಊರನ್ನು ಸೀಳಿಕೊಂಡು ಹೋಗುತ್ತದೆ. ಅದಿರು, ಕಲ್ಲಿದ್ದಲಿನ ಗೂಡ್ಸ್ ಗಾಡಿಗಳು ಓಡುತ್ತಲೇ ಇರುತ್ತವೆ. ಗೇಟ್ ಬಿದ್ದರೆ ಎದ್ದೇಳುವುದು ಯಾವಾಗ ಅಂತ ಹೇಳಲಾಗದು. ಗೇಟ್ ತಪ್ಪಿಸಲು ಅಂಡರ್‌ಬ್ರಿಡ್ಜ್ ಹಿಡಿದರೆ ಮಳೆಗಾಲದಲ್ಲಿ ಅದು ಬೇರೆ ಕಥೆ. ದುರ್ಗಮ್ಮನ ಗುಡಿ ಹತ್ತಿರದ ಅಂಡರ್‌ಬ್ರಿಡ್ಜ್‌ನಲ್ಲಿ ಜೋರು ಮಳೆಗೆ ನೀರು ನಿಲ್ಲುತ್ತದೆ. ಆದ್ದರಿಂದ ಸಾಧ್ಯವಾದರೆ ಹಳಿಯ ಯಾವ ಬದಿ ನಿಮ್ಮ ಮನೆಯಿದೆಯೋ ಅದೇ ಬದಿಯಲ್ಲಿ ಕೊಂಡಿ ಹುಡುಕಿ. ಆಗದಿದ್ದರೆ ಗೇಟ್‌ಗೆ ಅಂತಲೇ ಪ್ರತ್ಯೇಕ ಸಮಯ ಇಡಿ.

ಹಂತ 4: ಮನೆಯಿಂದ ಕೊಂಡಿಯವರೆಗೆ

ಒಂದು ಕಿಲೋಮೀಟರ್ ಒಳಗಿದ್ದರೆ ನಡೆಯಿರಿ. ಹದಿನೈದು ನಿಮಿಷದ ಮಾತು.

ಎರಡು ಮೂರು ಕಿಲೋಮೀಟರ್‌ಗೆ ಸೈಕಲ್ಲಿನಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಕೋಟೆ ಗುಡ್ಡ, ಕುಂಬಾರ ಗುಡ್ಡ ಬಿಟ್ಟರೆ ಬಳ್ಳಾರಿ ಊರು ಬಹುತೇಕ ಸಮತಟ್ಟು, ಏದುಸಿರು ಬಿಡುವ ಚಡಾವು ಇಲ್ಲ. ಆದರೆ ಲಾರಿ ಓಡಾಡುವ ಹೊಸಪೇಟೆ ರಸ್ತೆ, ಸಿರುಗುಪ್ಪ ರಸ್ತೆಯಂಥ ದೊಡ್ಡ ರಸ್ತೆಗಳಲ್ಲಿ ಕತ್ತಲಾದ ಮೇಲೆ ಸೈಕಲ್ ಬೇಡ.

ಬೈಕ್ ತರುವುದಾದರೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ, ಚೀಟಿ ಜೋಪಾನ. ರಾತ್ರಿ ಬಿಟ್ಟು ಹೋಗುವುದಿದ್ದರೆ ಆ ದರ ಬೇರೆ ಇರುತ್ತದೆ, ಮೊದಲೇ ಕೇಳಿ. ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ನಿಲ್ಲಿಸಿ ರೈಲು ಹತ್ತಿದರೆ ಸಂಜೆ ಬೈಕ್ ಹುಡುಕಲು ಟ್ರಾಫಿಕ್ ಪೊಲೀಸ್ ಠಾಣೆಗೆ ಇನ್ನೊಂದು ಆಟೊ ಬೇಕಾಗುತ್ತದೆ.

ಶೇರ್ ಆಟೊ, ನಮ್ಮ ಕೊಪ್ಪಳ, ರಾಯಚೂರು ಕಡೆಯ ಭಾಷೆಯಲ್ಲಿ ಟಂಟಂ. ಹತ್ತುವ ಮುಂಚೆ ಒಂದೇ ಪ್ರಶ್ನೆ: "ಅಣ್ಣಾ, ಸೀಟಾ, ಬಾಡಿಗೆನಾ?" ಸೀಟು ಅಂದರೆ ತಲೆಗಿಷ್ಟು ಅಂತ. ಬಾಡಿಗೆ ಅಂದರೆ ಇಡೀ ಆಟೊ ನಿಮ್ಮದು, ದರ ಮೂರು ನಾಲ್ಕು ಪಟ್ಟು. ಖಾಲಿ ಆಟೊದಲ್ಲಿ ಕೇಳದೆ ಕೂತು, ದಾರಿಯಲ್ಲಿ ಬೇರೆ ಯಾರೂ ಹತ್ತದೆ, ಇಳಿಯುವಾಗ "ಬಾಡಿಗೆ ಆಯ್ತಲ್ಲ ಸರ್" ಅನ್ನಿಸಿಕೊಂಡವರು ಬೇಕಾದಷ್ಟು ಜನ. ಇನ್ನೊಂದು ಮಾತು. ಶೇರ್ ಆಟೊ ತುಂಬಿದ ಮೇಲೆ ಹೊರಡುತ್ತದೆ. ಗಡಿಬಿಡಿ ಇದ್ದಾಗ ಖಾಲಿ ಶೇರ್ ಆಟೊ ಹತ್ತಿ ಕೂತರೆ ಪ್ರಯೋಜನವಿಲ್ಲ, ಮುಕ್ಕಾಲು ತುಂಬಿದ್ದನ್ನು ಹುಡುಕಿ.

ಹಂತ 5: ಟಿಕೆಟ್

ಬಸ್ಸಿನದು ಮೊದಲು ಹೇಳುತ್ತೇನೆ. ನಮ್ಮ ಭಾಗದ ಸರ್ಕಾರಿ ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಬೋರ್ಡಿನಲ್ಲಿ "ಸಾಮಾನ್ಯ" ಅಂತಿದ್ದರೆ ಹಳ್ಳಿಹಳ್ಳಿಗೂ ನಿಲ್ಲುತ್ತದೆ. "ವೇಗದೂತ" ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುತ್ತದೆ. "ತಡೆರಹಿತ" ನಡುವೆ ಎಲ್ಲೂ ನಿಲ್ಲುವುದಿಲ್ಲ. ತೋರಣಗಲ್ಲಿನಲ್ಲಿ ಇಳಿಯಬೇಕಾದವರು ಹೊಸಪೇಟೆಯ ತಡೆರಹಿತ ಹತ್ತಿ ಕೂತರೆ ಕಂಡಕ್ಟರ್‌ಗೂ ಕಷ್ಟ, ನಿಮಗೂ ಕಷ್ಟ. 2025ರ ಜನವರಿ 5ರಿಂದ ದರ ಶೇ 15 ಏರಿದೆ, ಹಳೆಯ ಲೆಕ್ಕ ಇಟ್ಟುಕೊಂಡು ಚಿಲ್ಲರೆ ಎಣಿಸಬೇಡಿ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ಗುರುತಿನ ಚೀಟಿ ತೋರಿಸಿ "ಶೂನ್ಯ ಟಿಕೆಟ್" ಪಡೆಯಲೇಬೇಕು. ಬಸ್ಸು ಬದಲಿಸಿದರೆ ಪ್ರತಿ ಬಸ್ಸಿನಲ್ಲೂ ಹೊಸ ಶೂನ್ಯ ಟಿಕೆಟ್ ಬೇಕು, ಹಿಂದಿನ ಬಸ್ಸಿನದು ನಡೆಯುವುದಿಲ್ಲ. ನಮ್ಮ ಗಡಿ ಜಿಲ್ಲೆಯವರು ವಿಶೇಷವಾಗಿ ನೆನಪಿಡಬೇಕಾದದ್ದು: ಗುಂತಕಲ್ಲು, ಆದೋನಿ, ರಾಯದುರ್ಗ ಕಡೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ದುಡ್ಡು ಇಟ್ಟುಕೊಂಡೇ ಹತ್ತಿ. 60 ದಾಟಿದ ಗಂಡಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ತೋರಿಸಿ. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ.

ಈಗ ರೈಲು. ಗೊಂದಲ ಜಾಸ್ತಿ ಇರುವುದು ಇಲ್ಲಿ.

ಜನರಲ್ ಟಿಕೆಟ್ ಅಂದರೆ ಸೀಟು ಕಾಯ್ದಿರಿಸದ ಟಿಕೆಟ್. ಪ್ಯಾಸೆಂಜರ್ ಗಾಡಿಗೆ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್‌ಗೆ 30. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಸೂಪರ್‌ಫಾಸ್ಟ್ ಆದರೆ ಎಕ್ಸ್‌ಪ್ರೆಸ್ ಟಿಕೆಟ್ ಮೇಲೆ ಇನ್ನೂ 15 ರೂಪಾಯಿ. ತಪ್ಪು ಟಿಕೆಟ್‌ನಲ್ಲಿ ಸಿಕ್ಕಿಬಿದ್ದರೆ ದರದ ಜೊತೆ ಕನಿಷ್ಠ 250 ರೂಪಾಯಿ ದಂಡ. "ಪ್ಯಾಸೆಂಜರ್ ಲೇಟು, ಅದರ ಹಿಂದಿನ ಎಕ್ಸ್‌ಪ್ರೆಸ್ ಮೊದಲು ಬಂತು, ಹತ್ತಿಬಿಟ್ಟೆ" ಅನ್ನುವವರೇ ಹೀಗೆ ಸಿಕ್ಕಿಬೀಳುವುದು. ಎರಡೂ ಗಾಡಿ ಹತ್ತುವ ಸಾಧ್ಯತೆ ಇದ್ದರೆ ಮೊದಲೇ ಎಕ್ಸ್‌ಪ್ರೆಸ್ ಟಿಕೆಟ್ ತೆಗೆದುಕೊಳ್ಳಿ.

ಹತ್ತಿರದ ಊರಿನ ಜನರಲ್ ಟಿಕೆಟ್ ಬೆಳಗ್ಗೆಯೇ ತೆಗೆದು ಸಂಜೆಗೆ ಇಟ್ಟುಕೊಳ್ಳಬೇಡಿ. ಫೋನಿನಲ್ಲಿ ತೆಗೆದ ಕಾಗದವಿಲ್ಲದ ಟಿಕೆಟ್‌ಗೆ 3 ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು. ಅದನ್ನು ರದ್ದು ಮಾಡಲೂ ಆಗದು. ಪ್ಲಾಟ್‌ಫಾರ್ಮ್ ಮೇಲೆ ನಿಂತು ಬುಕ್ ಮಾಡಲು ಹೋದರೆ ಆ್ಯಪ್ ಒಪ್ಪದಿರಬಹುದು, ಹಾಗಾಗಿ ನಿಲ್ದಾಣ ತಲುಪುವ ಮುಂಚೆ ದಾರಿಯಲ್ಲೇ ಮಾಡಿ. ತಪಾಸಣೆಗೆ ಬಂದಾಗ ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಬ್ಯಾಟರಿ ನೋಡಿಕೊಳ್ಳಿ.

ದಿನಾ ಹೋಗಿಬರುವವರಿಗೆ ಸೀಸನ್ ಟಿಕೆಟ್ ಇದೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತೆಗೆಯುವ ಪಾಸು, 150 ಕಿಲೋಮೀಟರ್‌ವರೆಗೆ ಕೊಡುತ್ತಾರೆ. ಬಳ್ಳಾರಿಯಿಂದ ತೋರಣಗಲ್ಲು ಸುಮಾರು 30, ಹೊಸಪೇಟೆ ಸುಮಾರು 60 ಕಿಲೋಮೀಟರ್. ಎರಡೂ ಆರಾಮಾಗಿ ಅದರೊಳಗೆ ಬರುತ್ತವೆ. ಬಿಡಿ ಟಿಕೆಟ್‌ಗೆ ಹೋಲಿಸಿದರೆ ತುಂಬ ಅಗ್ಗ. ಆದರೆ ರಿಸರ್ವೇಶನ್ ಬೋಗಿಯಲ್ಲಿ ಕೂರುವಂತಿಲ್ಲ.

ಎರಡು ರೈಲು ಬದಲಿಸುವುದಿದ್ದರೆ ಜನರಲ್‌ನಲ್ಲಿ ಹೊರಡುವ ಊರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಕೇಳಿ. ಎರಡು ತುಂಡು ಮಾಡಿ ಕೊಳ್ಳುವುದಕ್ಕಿಂತ ಕಡಿಮೆ ಬೀಳುತ್ತದೆ. ರಿಸರ್ವೇಶನ್ ಆದರೆ ಎರಡೂ ಪಿಎನ್‌ಆರ್ ಅಂದರೆ ಬುಕಿಂಗ್ ಸಂಖ್ಯೆಗಳನ್ನು ಜೋಡಿಸುವ ಅವಕಾಶ 2019ರಿಂದ ಇದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಆಗ ಹಣ ವಾಪಸು ಕೇಳಬಹುದು. ಬಸ್ಸು ತಡವಾಗಿ ರೈಲು ತಪ್ಪಿದರೆ ಯಾರೂ ಏನೂ ಕೊಡುವುದಿಲ್ಲ.

ರಾತ್ರಿ ಗಾಡಿ ಹಿಡಿಯುವವರು ತಾರೀಕು ಎರಡು ಸಲ ನೋಡಿ. 14ನೇ ತಾರೀಕು ರಾತ್ರಿ ಊಟ ಮಾಡಿ ಹೊರಟು 00:20ರ ಗಾಡಿ ಹತ್ತುವುದಾದರೆ ನಿಮಗೆ ಬೇಕಾದದ್ದು 15ನೇ ತಾರೀಕಿನ ಟಿಕೆಟ್.

ಹಂತ 6: ನಡುವೆ ಎಷ್ಟು ಸಮಯ ಬಿಡಬೇಕು?

ಆಟೊದಿಂದ ಬಸ್ಸಿಗೆ ಹತ್ತು ನಿಮಿಷ ಸಾಕು. ಬಸ್ಸಿನಿಂದ ರೈಲಿಗೆ ಮುಕ್ಕಾಲು ಗಂಟೆ ಬಿಡಿ, ಗೇಟ್ ದಾಟುವುದಿದ್ದರೆ ಒಂದು ಗಂಟೆ. ರೈಲಿನಿಂದ ಬಸ್ಸಿಗೆ ಲೆಕ್ಕ ಹಾಕುವುದೇ ಬೇಡ, ಇಳಿದ ಮೇಲೆ ಸಿಕ್ಕ ಬಸ್ಸು ಹತ್ತಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳ ದಾರಿಯಲ್ಲಿ ಹಗಲು ಹೊತ್ತು ಬಸ್ಸಿಗೆ ಬರವಿಲ್ಲ.

ಅದಕ್ಕೇ ನನ್ನ ಸಲಹೆ: ಹೋಗುವಾಗ ಸಮಯ ಮುಖ್ಯ ಇದ್ದರೆ ಬಸ್ಸು, ಬರುವಾಗ ರೈಲು. ಅಥವಾ ಪೂರ್ತಿ ತಿರುಗಾಮುರುಗ. ಹೋಗುವಾಗ ಹಿಡಿದದ್ದನ್ನೇ ಬರುವಾಗಲೂ ಹಿಡಿಯಬೇಕು ಅಂತ ನಿಯಮವಿಲ್ಲವಲ್ಲ. ಬೈಕನ್ನು ಬೆಳಗ್ಗೆ ರೈಲು ನಿಲ್ದಾಣದಲ್ಲಿ ಬಿಟ್ಟಿದ್ದರೆ ಮಾತ್ರ ಸಂಜೆ ಅಲ್ಲಿಗೇ ಬರಬೇಕು. ಇದನ್ನು ಮರೆತು ಬಸ್ಸಿನಲ್ಲಿ ವಾಪಸಾಗುವವರಿದ್ದಾರೆ.

ಹಂತ 7: ಖರ್ಚು ಕೂಡಿಸಿ ನೋಡಿ

ರೈಲು ಅಗ್ಗ ಅಂತ ಸುಮ್ನೆ ಹೊರಡಬೇಡಿ. ಎರಡೂ ತುದಿಯ ಆಟೊ, ಪಾರ್ಕಿಂಗ್ ಸೇರಿಸಿ. ಊರೊಳಗಿನ ಆಟೊ ಬಾಡಿಗೆಯೇ ರೈಲು ಟಿಕೆಟ್‌ನ ಎರಡು ಮೂರು ಪಟ್ಟು ಆಗುವುದುಂಟು. ಹಾಗಾದಾಗ ಮನೆ ಹತ್ತಿರವೇ ನಿಲ್ಲುವ ಬಸ್ಸು ಒಳ್ಳೆಯದು. ಬೈಕಿನ ಲೆಕ್ಕದಲ್ಲೂ ಬರೀ ಪೆಟ್ರೋಲ್ ಹಾಕಬೇಡಿ. ಟೈರು, ಸರ್ವಿಸು, ಸೊಂಟ ನೋವಿನ ಮುಲಾಮು ಎಲ್ಲ ಸೇರಲಿ.

ಓದುಗರು ಕೇಳಿದ ಮೂರು ದಾರಿಗಳು

ಬಳ್ಳಾರಿಯಿಂದ ತೋರಣಗಲ್ಲು: ಕಾರ್ಖಾನೆ ಕೆಲಸಕ್ಕೆ ಹೋಗುವವರಿಗೆ ಇಲ್ಲಿ ಪಾಳಿಯೇ ಯಜಮಾನ. ಪಾಳಿಗೆ ಹೊಂದುವ ರೈಲು ಇದ್ದರೆ ಸೈಕಲ್ ಅಥವಾ ಬೈಕಿನಲ್ಲಿ ನಿಲ್ದಾಣ, ಸೀಸನ್ ಟಿಕೆಟ್, ಇಳಿದ ಮೇಲೆ ಶೇರ್ ಆಟೊ. ತೋರಣಗಲ್ಲು ನಿಲ್ದಾಣದಿಂದ ಕಾರ್ಖಾನೆ ಗೇಟ್‌ವರೆಗಿನ ತುಂಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಯಾವ ಗೇಟ್ ಅನ್ನುವುದರ ಮೇಲೆ ದೂರ ಬಹಳ ಬದಲಾಗುತ್ತದೆ. ಪಾಳಿ ಬದಲಾಗುವ ಹೊತ್ತಿಗೆ ಆಟೊಗಳಿಗೆ ನೂಕುನುಗ್ಗಲು, ಅದಕ್ಕೂ ಹತ್ತು ನಿಮಿಷ ಸೇರಿಸಿ. ರಾತ್ರಿ ಪಾಳಿಗೆ ರೈಲು ನೆಚ್ಚಬೇಡಿ, ಕಂಪನಿ ಬಸ್ಸು ನಿಮ್ಮ ಬಡಾವಣೆಯ ಹತ್ತಿರ ಎಲ್ಲಿ ನಿಲ್ಲುತ್ತದೆ ಅಂತ ವಿಚಾರಿಸಿ.

ಕೊಪ್ಪಳದಿಂದ ವಿಮ್ಸ್: ಕೊಪ್ಪಳ, ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಒಂದೇ ಮಾರ್ಗದಲ್ಲಿವೆ, ರೈಲು ಬದಲಿಸುವ ಗೋಜಿಲ್ಲ. ಕಾಯಿಲೆಯವರಿಗೆ ರೈಲೇ ಮೇಲು, ಶೌಚಾಲಯ ಇರುತ್ತದೆ, ಕಾಲು ಚಾಚಬಹುದು. ಆದರೆ ಜನರಲ್ ಬೋಗಿಗೆ ಹತ್ತಿಸಬೇಡಿ, ಸೀಟು ಕಾಯ್ದಿರಿಸಿ. ಹೊರರೋಗಿ ಚೀಟಿ ಬೆಳಗ್ಗೆ ಮಾಡಿಸಬೇಕಾಗುತ್ತದೆ. ಅಷ್ಟರೊಳಗೆ ಬಳ್ಳಾರಿ ತಲುಪಿಸುವ ರೈಲು ಇಲ್ಲದಿದ್ದರೆ ಮೊದಲ ಬಸ್ಸೇ ಗತಿ. ನಿಲ್ದಾಣದಿಂದ ಆಸ್ಪತ್ರೆಗೆ ಶೇರ್ ಆಟೊ ಬೇಡ, ಬಾಡಿಗೆ ಮಾತಾಡಿ, ಯಾವ ವಿಭಾಗದ ಬಾಗಿಲಿಗೆ ಅಂತ ಹೇಳಿ. ವಾಪಸು ಬರುವಾಗ ಎಷ್ಟು ಹೊತ್ತಾಗುತ್ತದೆ ಗೊತ್ತಿರುವುದಿಲ್ಲ. ಹಾಗಾಗಿ ಬರುವ ಟಿಕೆಟ್ ಮೊದಲೇ ಮಾಡಿಸಬೇಡಿ, ಬಸ್ಸಿನಲ್ಲಿ ಬನ್ನಿ. ಅಮ್ಮನ ಆಧಾರ್ ಆಸ್ಪತ್ರೆ ಫೈಲಿನೊಳಗೆ ಸೇರಿಹೋಗದಂತೆ ಬೇರೆ ಇಡಿ, ಬಸ್ಸಿನಲ್ಲಿ ಅದೇ ಬೇಕು.

ಬಳ್ಳಾರಿಯಿಂದ ರಾಯಚೂರು: ನೇರ ಹಳಿ ಇಲ್ಲ. ರೈಲಿನಲ್ಲಿ ಹೋಗಬೇಕಾದರೆ ಆಂಧ್ರದ ಗುಂತಕಲ್ಲಿಗೆ ಹೋಗಿ, ನೇರ ಗಾಡಿ ಸಿಗದಿದ್ದರೆ ಅಲ್ಲಿ ಬದಲಿಸಿ, ಆದೋನಿ, ಮಂತ್ರಾಲಯಂ ರೋಡ್ ದಾಟಿ ರಾಯಚೂರು. ರಾಯಚೂರು ಮುಂಬೈ–ಚೆನ್ನೈ ಮಾರ್ಗದಲ್ಲಿರುವುದರಿಂದ ಗುಂತಕಲ್ಲಿನಿಂದ ಗಾಡಿಗಳು ಸಾಕಷ್ಟಿವೆ, ತೊಡಕಿರುವುದು ಮೊದಲ ತುಂಡಿನಲ್ಲಿ. ರಾಯಚೂರಿಗಷ್ಟೇ ಆದರೆ ನೇರ ಬಸ್ಸು ಹಿಡಿಯಿರಿ. ಕಲಬುರಗಿಗೆ ಅಥವಾ ಇನ್ನೂ ಮುಂದೆ ಹೋಗುವವರಿಗೆ ಮಾತ್ರ ಗುಂತಕಲ್ಲಿನ ದಾರಿ ಲಾಭ. ಸಿಂಧನೂರಿಗೆ 2024ರಲ್ಲಿ ರೈಲು ಬಂದಿದೆ, ಆದರೆ ಅದು ಗಂಗಾವತಿ, ಕಾರಟಗಿ ಕಡೆಯಿಂದ ಬರುವ ಮಾರ್ಗ. ಬಳ್ಳಾರಿಯವರು ಸಿರುಗುಪ್ಪ ದಾಟಿ ಬಸ್ಸಿನಲ್ಲಿ ಸಿಂಧನೂರು ತಲುಪುವುದೇ ಸಲೀಸು. ರಾಯಚೂರಿನಲ್ಲಿ ರೈಲು ಇಳಿದು ಮುಂದೆ ಮಾನ್ವಿ, ದೇವದುರ್ಗ, ಲಿಂಗಸುಗೂರಿಗೆ ಹೋಗುವವರು ಬಸ್ ನಿಲ್ದಾಣಕ್ಕೆ ಆಟೊ ಹಿಡಿಯಬೇಕು. ರಾತ್ರಿ ಹೊತ್ತು ಇಳಿದರೆ ನಿಲ್ದಾಣದ ಕಾಯುವ ಕೋಣೆಯಲ್ಲೇ ಬೆಳಗಿನವರೆಗೆ ಕೂತು, ಮೊದಲ ಬಸ್ಸಿಗೆ ಹೊರಡಿ. ಆಟೊ ಹತ್ತಲೇಬೇಕಾದರೆ ಅದರ ನಂಬರ್ ಮನೆಗೆ ಕಳಿಸಿ ಹತ್ತಿ. ತುರ್ತು ಸಹಾಯಕ್ಕೆ 112.